ಮುತ್ತ, ಮುತ್ಯಾ

ಮೇ ತಿಂಗಳು, ವಿಜಯಪುರ. ಮಾಳಿಗೆಯ ಕಲ್ಲು
ಎರಡು ಕೊಡ ನೀರು ಕುಡಿದೂ ರಾತ್ರಿ ಒಂಬತ್ತಕ್ಕೆ ಬಿಸಿ.
ಚಾಪೆ ಹಾಸಿ ಕೂತು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ:
ತಲೊ, ತಲೊಸ್ಸ, ತಲೊಸ್ತ.
ಮನೆ, ಮನೆಯೊಳಗೆ, ಮನೆಯೊಳಗಿಂದ.
ಜೂನ್ ಹನ್ನೊಂದಕ್ಕೆ ಪರೀಕ್ಷೆ. ಪಾಸಾದರೆ ವಾರ್ಡಿನಲ್ಲಿ
ರೋಗಿಯ ಕೈ ಹಿಡಿದು ನಾನೇ ಕೇಳಬಹುದು, ಎಲ್ಲಿ ನೋವು ಎಂದು.
ಇಲ್ಲದಿದ್ದರೆ ಇನ್ನೊಂದು ವರ್ಷ
ಕ್ಯಾಂಟೀನಿನ ಹಿಂಬದಿ, ಪಾತ್ರೆ, ಮುಗುಳುನಗೆ.

ಕೆಳಗಿಂದ ಮುತ್ಯಾ: "ಎಷ್ಟ್ ಸಲ ಕರೀತಿ? ಬಂದೆ, ತಡಿ."
ನಾನು ಕರೆದಿರಲಿಲ್ಲ. ಅಲ್ಲಿಯ ಭಾಷೆಯಲ್ಲಿ
ಮುತ್ತ ಅಂದರೆ 'ಆದರೆ'.
ಬರಬೇಕು, ಮುತ್ತ ರಜೆಯಿಲ್ಲ. ಬಿಸಿಲಿದೆ, ಮುತ್ತ ಚಳಿ.
ಎರಡು ಮಾತಿನ ನಡುವೆ ಒಬ್ಬ ಅಜ್ಜನನ್ನು ನಿಲ್ಲಿಸಿ ಮುಂದೆ ಹೋಗುವ ಜನ.
ಹೇಳಿದೆ. ಎಲೆಯಡಿಕೆಯನ್ನು ದವಡೆಗೆ ಸರಿಸಿ ನಕ್ಕ:
"ಹಂಗಾರ ನಾ 'ಆದರೆ'. ನಿಮ್ಮಪ್ಪನ್ನ ಕೇಳು, ಖರೇ ಅಂತಾನ."

ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನ ಕಂಟ್ರೋಲರ್,
ಕೈಯಲ್ಲಿ ಚಾರ್ಟು, ಬಾಯಿಗೆ ಮೈಕು.
ಪ್ಲಾಟ್‌ಫಾರ್ಮ್ ನಾಲ್ಕು, ಇಂಡಿ.
ಪ್ಲಾಟ್‌ಫಾರ್ಮ್ ಏಳು, ದೇವರ ಹಿಪ್ಪರಗಿ, ಸಿಂದಗಿ.
ಮೊದಲ ಅಕ್ಷರಕ್ಕೊಂದು ಗುದ್ದು, ಉಳಿದದ್ದು ತಾನೇ ಉರುಳುತ್ತದೆ.
ಸಂತೆ ದಿನದ ಗದ್ದಲದಲ್ಲಿ ಜನ ಓಡಿದ್ದು ಆ ಮೊದಲ ಅಕ್ಷರ ಕೇಳಿ.

ನನ್ನ ವಹಿ ಕನ್ನಡ ಲಿಪಿಯಲ್ಲೇ ಇದೆ. ಅವರೂ
ನುಡಿದಂತೆ ಬರೆಯುವವರು; ಒಂದು ಒತ್ತು ಉದುರಿದರೆ
'ಆದರೆ' ಕೆಸರಾಗುತ್ತದೆ.
ಕನ್ನಡಕ ಏರಿಸಿ, ವಹಿಯನ್ನು ಚಾರ್ಟಿನಂತೆ ದೂರ ಹಿಡಿದು
ಮುತ್ಯಾ ಓದಿದ. ಓಣಿಯ ನಾಯಿ ಎದ್ದು ನೋಡಿತು.
ಪಿರ್ಯೊ ಟೀಚರು ಎರಡು ವರ್ಷ ಮೇಜು ಬಡಿದದ್ದು ಇದಕ್ಕೇ:
ಮೊದಲ ಅಕ್ಷರ, ಮೊದಲ ಅಕ್ಷರ!
ಇಂಗ್ಲಿಷ್ ತಿರುಗಿ ಬಂದ ನನ್ನ ನಾಲಿಗೆ ಕಂಡಕಂಡಲ್ಲಿ ಏಳುತ್ತಿತ್ತು.
ಕನ್ನಡಿ ಕೊಟ್ಟು ತುಟಿ ಎಳೆಸಿ ಅವರು ಕಲಿಸಿದ ಆ ಅಗಲ ಸ್ವರ,
ಎಷ್ಟು ಚಳಿಗಾಲ ಬಾರದೇ ಹೋದದ್ದು,
"ಮುತ್ಯಾ" ಎನ್ನುವಾಗ
ಹಾಲುಹಲ್ಲಿನಿಂದಲೂ ನನ್ನ ಬಾಯಲ್ಲೇ ಇತ್ತು.

"ಊರ ಹೆಸರ ಏನಂದಿ?" ತಂಪೆರೆ.
"ತಂಪು ಎರಿ! ಹೆಸರಿಟ್ಟಾವ ನಮ್ಮ ಕಡ್ಯಾವನ ಇರಬೇಕು.
ಡೋಣಿ ದಂಡಿ ಎರಿ ನೋಡೀ ಏನು, ಮಳಿ ಬಂದ ಮರುದಿನ?"
ನೋಡಿದ್ದೆ. ಒಂದು ಚಪ್ಪಲಿ ಇನ್ನೂ ಅದರೊಳಗೇ ಇದೆ.

ಒಂದು ವಾಕ್ಯ ಮಾತ್ರ ತೊಡರುತ್ತಿತ್ತು. ಮಿನುಲ್ಲ ಒನ್.
ಇಂಗ್ಲಿಷಿನವರ 'ಹ್ಯಾವ್' ಅವರಲ್ಲಿಲ್ಲ.
ಹಣ ನನ್ನ ಬಳಿ ಇದೆ. ತಂಗಿ ನನ್ನ ಬಳಿ ಇದ್ದಾಳೆ. ಜ್ವರವೂ.
ತರಗತಿಯ ಪೆರು ದೇಶದ ಹುಡುಗ ತಲೆ ಚಚ್ಚಿಕೊಂಡಿದ್ದ,
ಅವನ ನೋಡಿ ನಾನೂ.
ಮುತ್ಯಾ ವಹಿ ಮುಚ್ಚಿದ.
"ಮತ್ತೇನಂತಾರ? ನನ್ನ ಹತ್ರ ಐತಿ. ಹತ್ರ.
ನಂದು ಅಂತ ಎಲ್ಲೆ ಅಂದೀವಿ?
ದಿನಾ ನೂರಾ ನಲವತ್ತು ಬಸ್ ಬಿಟ್ಟೀನಿ,
ಒಂದರ ನಂದಿತ್ತೇನು?"

ಹೊರಟ ದಿನ ಅದೇ ಸ್ಟ್ಯಾಂಡು. ಈಗ ರೆಕಾರ್ಡಿನ ಹೆಣ್ಣುದನಿ,
ಎಲ್ಲ ಊರಿಗೂ ಒಂದೇ ಅಕ್ಕರೆ. ಮುತ್ಯಾ ಮೂಗು ಮುರಿದ:
"ಸಿಂದಗಿ ಹಂಗಲ್ಲ."
ಹೈದರಾಬಾದಿನ ಬಸ್ಸಿಗೆ ನನ್ನ ಸೂಟ್‌ಕೇಸ್ ತಾನೇ ಏರಿಸಹೋಗಿ
ಕಂಡಕ್ಟರನಿಂದ ಬೈಸಿಕೊಂಡ, ಅವನು ಹೊಸಬ.
ಆ ಭಾಷೆಯ ಕ್ರಿಯಾಪದಕ್ಕೆ ಭವಿಷ್ಯತ್ ಇಲ್ಲ.
ತುಲೆನ್: ಬರುತ್ತೇನೆ. ಸಂಜೆಗೂ ಅದೇ,
ಮೂರು ವರ್ಷದ ಮೇಲೂ ಅದೇ.
ಕಿಟಕಿಯಿಂದ ಅಂದೆ, "ಬರ್ತೀನಿ."
ಸರಳು ಹಿಡಿದು ನಿಂತ ಮುತ್ಯಾ, ಮೈಕಿನ ಕಾಲದ ದನಿಯಲ್ಲಿ,
ಮೊದಲ ಅಕ್ಷರಕ್ಕೆ ಸರಿಯಾಗಿ ಗುದ್ದಿ,
"ಮುತ್ತ..." ಎಂದ.
ಮುಂದಿನದು ಸೀಟಿ, ಗೇರು, ಹೊಗೆ.

ಹಿಪ್ಪರಗಿ ಬರುವ ತನಕ ನಾನು ವಹಿ ತೆಗೆಯಲಿಲ್ಲ.