ಬೆಸಿಗಿ ಖರ್ಚು

ಡಾಕ್ಟರು ಹಾಳಿಯ ಮ್ಯಾಲ ನಮ್ಮ ಮನಿ ಬರದ್ರು:
ಗಂಡಸ್ರಿಗೆ ಚೌಕ, ಹೆಂಗಸ್ರಿಗೆ ರೊಟ್ಟಿಯಂಥ ದುಂಡು.
ನನ್ನ ದುಂಡಿಗೆ ಮಸಿ ತುಂಬಿ
ಮರಾಠಿಯೊಳಗ ಕೇಳಿದ್ರು, ‘ಮನ್ಯಾಗ ಮತ್ಯಾರಿಗರೆ?’
‘ಯಾರಿಗೂ ಇಲ್ಲ’ ಅಂದ ಅಪ್ಪ,
ಚಾದರಿನ ಕಾರಖಾನಿಯಾಗ ಕಾರಕೂನಿದ್ದಾಂವ,
ಲೆಕ್ಕ ತಪ್ಪದಾಂವ.

ಅಕ್ಕಲಕೋಟಿ ಬಸ್ಸು ಬಿಡೂದ್ರಾಗಿತ್ತು.
ಸೋಲಾಪುರದ ಬಿಸಲಿಗೆ ನನ್ನ ಎಡಗಾಲು
ಒದ್ದಿ ಚಾದರಿನ್ಹಂಗ ಜೋತು ಬಿದ್ದಿತ್ತು.
ಅಪ್ಪ ಕಾಲು ನೋಡಲಿಲ್ಲ. ಚಪ್ಪಲಿ ನೋಡಿದ.
ತುದಿ ಸವದಿತ್ತು, ಎಡದ್ದಷ್ಟೇ.
‘ಭಾಗೀರಥಿದೂ ಹಿಂಗ...’ ಅಂದ.
ಬಸ್ಸು ಹೋತು.

ರಾತ್ರಿ ಟ್ರಂಕಿನಿಂದ ಕೆಂಪರಿವಿ ಹೊದಿಕಿಯ ಕಿರ್ದಿ ಬಂತು.
೧೯೭೯: ಭಾಗಿ ಕೊಡ ಕೆಡವಿದಳು, ಬೆಸಿಗಿ ಎರಡು ರೂಪಾಯಿ.
೧೯೮೦: ಕೊಡ, ಬೆಸಿಗಿ, ಎರಡೂವರಿ.
೧೯೮೧: ಕೊಡ. ಕೊಡ. ಕಪ್ಪುಬಸಿ ಮೂರು.
೧೯೮೨: ಎಡ ಚಪ್ಪಲಿ ತುದಿ ಹೊಲಿಸಿದ್ದು, ಎಂಟಾಣೆ.
ಮತ್ತ ತುದಿ. ಮತ್ತ ತುದಿ. ಬಡಿಗಿ ಒಂದು.
ಎಲ್ಲಾ ‘ದಂಡ’ ಅನ್ನೂ ಖಾತೆಯ ಕೆಳಗ,
ಬಾಳಷ್ಟು ಚೈತ್ರ ವೈಶಾಖದಾಗ.
೧೯೮೬ರ ಮುಂದ ಅತ್ತಿ ಹೆಸರಿಗೆ ಖರ್ಚಿಲ್ಲ.

‘ಸೊಕ್ಕು ಅಂತಿದ್ವಿ,’ ಅಂದ ಅಪ್ಪ.
‘ಗಂಡನ ಮನಿಗೆ ಹೋಗಲಾರದ್ದಕ್ಕ ನಾಟಕ ಅಂತಿದ್ವಿ.
ಗ್ವಾಡಿ ಹಿಡಕೊಂಡು ನಡದ್ರ ಸುಣ್ಣ ಹೊಲಸಾಗ್ತದಂತ
ನಾನೇ ಬೈದೀನಿ.’

ಮುಂದಿನ ಮಂಗಳವಾರ ಕಿರ್ದಿ ಹೊತ್ಕೊಂಡು ಹೋದ್ವಿ.
ಕನ್ನಡ ಅಂಕಿ ಬಾರದ ಡಾಕ್ಟರಿಗೆ
ಒಂದೊಂದೇ ಕೊಡ ಮರಾಠಿ ಮಾಡಿ ಹೇಳಿದೆ.
ಅಪ್ಪನ ಚೌಕದ ಬಾಜೂಕ ಹೊಸಾ ದುಂಡು ಎಳದು
ಅರ್ಧಕ್ಕಷ್ಟೇ ಮಸಿ ತುಂಬಿದ್ರು,
‘ಸತ್ತವರನ್ನ ಖಾತ್ರಿ ಮಾಡಾಕ ಆಗಂಗಿಲ್ಲ.’

ಆಕಿ ಏಳು ವರ್ಷಕ್ಕ ಹಾಸಿಗಿ ಹಿಡದಳು.
ನನಗೂ ಏಳೇನು?
‘ಜಡ್ಡು ಒಂದೇ ಮನೀದಿರಬಹುದು, ಓಟ ಒಂದೇ ಇರಬೇಕಂತಿಲ್ಲ.
ಆಕಿಗೆ ಔಷಧಾನೇ ಎಲ್ಲಿತ್ತು?’
ಬೆರಳು ಎಣಸೂದು ಬಿಟ್ಟೆ.
ಪೂರಾ ಬಿಟ್ಟಿಲ್ಲ.

ಇವತ್ತ ಅಪ್ಪ ಮೋಚಿ ಕಡಿಂದ ನನ್ನ ಚಪ್ಪಲಿ ತಂದು
ಹೊಸಾ ಕಿರ್ದಿ ತೊಡಿ ಮ್ಯಾಲಿಟ್ಟು
ಪೆನ್ನು ಎತ್ತಿಕೊಂಡೇ ಕೂತಾನ.
‘ಮಹಾನಂದಾ, ಇದನ್ನ ಯಾವ ಖಾತೆಗೆ ಹಚ್ಚಲಿ?’

ಶೇಂಗಾ ಹುರೀತಿದ್ದೆ.
ಒಂದು ಕೈ ಸಟಗ, ಇನ್ನೊಂದು ಗ್ವಾಡಿ ಮ್ಯಾಲ,
ಸುಣ್ಣಕ್ಕ ಐದೂ ಬೆರಳಿನ ಮಸಿ.
‘ಚಪ್ಪಲಿ ಅಂತ ಬರಿ’ ಅಂದೆ.