ಬೆಳ್ಳಗಿರುವುದೆಲ್ಲ

ವೊರು ಪೇಟೆಯ ಅಂಗಡಿಯಲ್ಲಿ ಆಂಡ್ರುಸ್
ಎರಡು ಕೊಳವೆ ಮೇಜಿನ ಮೇಲಿಟ್ಟ,
ಮಗ್ಗುಲಲ್ಲೇ ಬೆಲೆಯ ಚೀಟಿ, ಬೋರಲಾಗಿ.
'ಒಂದು ಇದ್ದಷ್ಟು ಬೆಳಕನ್ನೇ ಹಿಗ್ಗಿಸುತ್ತದೆ.
ಇನ್ನೊಂದಕ್ಕೆ ಬೆಳಕೇ ಬೇಡ, ಮೈಯ ಬಿಸಿ ಸಾಕು.
ಒಯ್ಯಿ ವಿರ್ವೆ, ಎರಡು ರಾತ್ರಿ ಇಟ್ಟುಕೋ,
ಕೆಸರು ಒರೆಸಿ ತಂದುಕೊಡು.'

ಮೊದಲ ರಾತ್ರಿ ಹಸಿರು.
ಓಟ್ಸ್ ಹೊಲದ ಅಂಚಿನ ಅಟ್ಟಣೆ ಹತ್ತಿ ಕೂತೆ.
ಅರ್ಧ ಚಂದ್ರ. ಕೊಳವೆಯೊಳಗೆ ಊರು
ಕೆರೆಯ ತಳದಲ್ಲಿ ಮಲಗಿದ ಹಾಗೆ:
ಬರ್ಚ್ ಮರದ ಸುಲಿದ ತೊಗಟೆ,
ಬೇಲಿ ತಂತಿಗೆ ಸಿಕ್ಕ ಕುರಿಯ ಉಣ್ಣೆ,
ತೂಗುವ ತೆನೆ ಒಂದೊಂದೂ.
ಹನ್ನೊಂದೂವರೆಗೆ ಬಂದಳು ಹಂದಿ.
ಮೂತಿಯ ಹಳೆ ಗಾಯ ಕಂಡಿತು, ಹರಿದ ಕಿವಿ ಕಂಡಿತು,
ಹೊಟ್ಟೆಯಡಿ ಜೋತ ಮೊಲೆ ಕಂಡಿತು.
ಮರಿಗಳು ಎಲ್ಲೋ ತೆನೆಯೊಳಗೆ.
ಬೆರಳು ತೆಗೆದೆ.

ಒಂದು ಗಂಟೆಗೆ ಜೌಗಿನಿಂದ ಮಂಜು ಎದ್ದಿತು.
ನೆರವಿಗೆಂದು ಹಚ್ಚಿದ ಕಾಣದ ದೀಪ
ಮಂಜಿಗೆ ಬಡಿದು ನನ್ನ ಕಣ್ಣಿಗೇ ವಾಪಸು.
ಸುಣ್ಣ ಬಳಿದ ಗೋಡೆಗೆ ಮುಖ ಕೊಟ್ಟು ಕೂತ ಹಾಗೆ.
ಗೋಡೆಯಾಚೆ ಅವು ನನ್ನ ಓಟ್ಸ್ ಅಗಿಯುವ ಸದ್ದು.
ಬೆಳಗಿನವರೆಗೂ ಕೇಳಿದೆ.

ಎರಡನೇ ರಾತ್ರಿ ಬಣ್ಣವಿಲ್ಲ.
ಆಕಾಶ ಇದ್ದಿಲು, ಹೊಲ ಬೂದಿ,
ತೆಳು ಮಂಜು ಇದ್ದದ್ದೇ ಗೊತ್ತಾಗಲಿಲ್ಲ.
ಬೂದಿಯಲ್ಲಿ ಉಳಿದ ಕೆಂಡದ ಚೂರುಗಳ ಹಾಗೆ
ಇಲಿಗಳು. ಎಷ್ಟೊಂದು ಇಲಿಗಳು!
ನಲವತ್ತು ವರ್ಷ ಈ ಹೊಲ ಉತ್ತಿದ್ದೇನೆ,
ಇಷ್ಟು ಜನ ಬಾಡಿಗೆಗಿದ್ದಾರೆಂದು ಯಾರೂ ಹೇಳಿರಲಿಲ್ಲ.
ಹಗಲೆಲ್ಲ ಬಿಸಿಲು ಕುಡಿದ ಗುಂಡುಕಲ್ಲು
ಮಲಗಿದ ಹಸುವಿನ ಹಾಗೆ ಇನ್ನೂ ಹೊಳೆಯುತ್ತಿತ್ತು.
ಅಷ್ಟು ಎಚ್ಚರಿಕೆ ಸಾಕಿತ್ತು. ಸಾಲಲಿಲ್ಲ.

ಬಡಗಣ ಮೂಲೆ, ಎಂಬತ್ತು ಹೆಜ್ಜೆ.
ತಗ್ಗಿದ ಬೆನ್ನು. ದಪ್ಪ. ಬಿಳಿ.
ನೆಲ ಮೂಸುತ್ತ, ನಿಲ್ಲುತ್ತ, ಮತ್ತೆ ಮುಂದೆ.
ಒಂಟಿಗ, ಅಂದುಕೊಂಡೆ. ತೂಕ ಹಾಕಿದೆ,
ಹೊಗೆಮನೆಯಲ್ಲಿ ಖಾಲಿಯಿರುವ ಕೊಕ್ಕೆ ಎಣಿಸಿದೆ.
ಕೊಳವೆ ಕೂತದ್ದು ಕೋವಿಯ ಬೆನ್ನ ಮೇಲೆ,
ನೋಡುವುದೆಂದರೆ ಅಲ್ಲಿ ಗುರಿಯಿಡುವುದೇ.
ಆಗ ಹಂದಿ ಕೆಮ್ಮಿತು.

ಕೆಮ್ಮಿ, ಉಗಿದು,
'ಪೊಂತು, ಬಾರೋ ಹಾಳಾದವನೇ' ಎಂದಿತು.
ಎಲ್ಮಾರ್. ಮೇಲಿನ ಮನೆಯ ಎಲ್ಮಾರ್.
ಬೇಲಿ ನುಸುಳಿ, ಮಂಡಿಯೂರಿ, ನಾಯಿ ಹುಡುಕುತ್ತ.
ಟಾರ್ಚ್ ಹಿಡಿದಿರಲಿಲ್ಲ,
ಬ್ಯಾಟರಿಗೆ ದುಡ್ಡು ದಂಡ ಎನ್ನುವ ಜೀವ.
ಗುಂಡು ಹೊರತೆಗೆದು ಜೇಬಿಗೆ ಹಾಕಿದೆ.
ಎರಡು ಸಲ ಕೆಳಗೆ ಬಿತ್ತು.
ಏಣಿಯಿಳಿಯಲು ಕಾಲಿಗೆ ನೆನಪಿರಲಿಲ್ಲ.

ಬೆಳಿಗ್ಗೆ ಆಂಡ್ರುಸ್ ನಗುತ್ತ ಅಂದ:
'ಬಿಸಿಯಿಂದ ಹುಡುಕು, ಬೆಳಕಿನಿಂದ ಗುರುತು ಹಿಡಿ.
ಎರಡನ್ನೂ ಕೊಂಡುಬಿಡು.'
ಎರಡಕ್ಕೆ ಟ್ರ್ಯಾಕ್ಟರ್ ಮಾರಬೇಕು.
ಹಸಿರನ್ನು ತೆಗೆದುಕೊಂಡೆ.
'ಮಂಜಿನಲ್ಲಿ ಕುರುಡು ಅದು' ಎಂದ.
ಹೌದು, ಕಾಣದಾಗ ಕಾಣದು ಎನ್ನುತ್ತದೆ.
ಇನ್ನೊಂದು ಎಲ್ಲ ಕಂಡೆನೆನ್ನುತ್ತದೆ,
ಯಾರೆಂದು ಕೇಳಿದರೆ ಬಾಯಿಲ್ಲ.
ಬೆಳ್ಳಗಿರುವುದೆಲ್ಲ ಹಾಲಲ್ಲವಂತೆ,
ಬೆಳ್ಳಗಿರುವುದೆಲ್ಲ ಹಂದಿಯೂ ಅಲ್ಲ.

ಸಂಜೆ ಎಲ್ಮಾರ್ ಬಂದ,
ಉಪ್ಪುಸೌತೆಯ ಜಾಡಿ, ಹಿಂದೆ ಸಿಕ್ಕಿದ ಪೊಂತು.
ಹೇಳದಿದ್ದರೂ ನಡೆಯುತ್ತಿತ್ತು. ಹೇಳಿದೆ.
ಬಹಳ ಹೊತ್ತು ಟೋಪಿ ತಿರುಗಿಸುತ್ತ ಕೂತ.
'ಹೇಗೆ ಕಂಡೆ ಅದರಲ್ಲಿ?'
'ಬೆಳ್ಳಗೆ.'
'ಹೆಣದ ಹಾಗೆ?'
'ಇಲ್ಲ, ಎಲ್ಮಾರ್. ಹೆಣ ಅದರಲ್ಲಿ
ಕಪ್ಪಾಗುತ್ತ ಹೋಗುತ್ತದೆ.'
ಅವನು ಜಾಡಿಯ ಮುಚ್ಚಳ ತಿರುಪಿದ,
ಬೆರಳಿನಿಂದಲೇ ಒಂದು ಸೌತೆ ತೆಗೆದು
ನನ್ನ ಕೈಗಿಟ್ಟ. ತಣ್ಣಗಿತ್ತು.
ಅವನ ಬೆರಳು ಬೆಚ್ಚಗಿತ್ತು.