ಊದು

ಒಪ್ಪಿಗೆ ಪತ್ರಕ್ಕೆ ಶಾಯಿ ಬೇಕಾಗಲಿಲ್ಲ.
ಮಂಡಿ ಮೊಹಲ್ಲಾದ ಖೈರುನ್ನಿಸಾ ಹೆಬ್ಬೆಟ್ಟು ಒತ್ತಿದಳು,
ಇದ್ದಿಲು ಪುಡಿಯ ಕಪ್ಪು ತಾನೇ ಮೂಡಿತು,
ಸವೆದ ಕಡೆ ಗೆರೆಯಿಲ್ಲದೆ.

ಮೂವತ್ತೊಂದು ವರ್ಷ ಊದುಕಡ್ಡಿ ಹೊಸೆದವಳಿಗೆ
ಡಾಕ್ಟರು ಕೊಳವೆ ಕೊಟ್ಟು
'ಊದಮ್ಮ, ಜೋರಾಗಿ ಊದು' ಅಂದರು.
ಊದಿದಳು. ಮುಳ್ಳು ಅರ್ಧಕ್ಕೂ ಏರಲಿಲ್ಲ.
ತನಗೇ ನಗು ಬಂತು; ನಗು ಕೆಮ್ಮಾಯಿತು.

ಕಾಂಡಕೋಶ ಅಂದರೇನವ್ವಾ ಅಂತ ನನ್ನನ್ನು ಕೇಳಿದಳು.
ನಾನು ಪಾಂಡವಪುರದವಳು,
ಕಬ್ಬು ಬಿಟ್ಟು ಬೇರೆ ಹೋಲಿಕೆ ಬಾಯಿಗೆ ಬರುವುದಿಲ್ಲ:
ಜಲ್ಲೆ ತುಂಡರಿಸಿ ಸಾಲಲ್ಲಿ ಮಲಗಿಸ್ತೀವಲ್ಲ,
ಗಿಣ್ಣಲ್ಲಿ ಒಂದು ಕಣ್ಣಿರತ್ತೆ,
ಮುಂದೆ ಏನೇನಾಗಬೇಕೋ ಅದಕ್ಕಿನ್ನೂ ಗೊತ್ತಿರಲ್ಲ.
ನಿಮ್ಮ ರಕ್ತದ ಬಿಳಿ ಕಣಕ್ಕೆ ಕಲಿತದ್ದೆಲ್ಲ ಮರೆಸಿ
ಆ ಕಣ್ಣಿನ ವಯಸ್ಸಿಗೆ ಒಯ್ತೀವಿ.
'ಹಂಗೇ ನನ್ನೂ ಒಯ್ಯಕ್ಕಾಗತ್ತಾ?' ಅಂದಳು.
ನಾನು ಸೂಜಿ ಬಿಸಾಡಲು ಆ ಕಡೆ ತಿರುಗಿಕೊಂಡೆ.

ಆಮೇಲೆ ತಿಂಗಳುಗಟ್ಟಲೆ ಉಣ್ಣಿಸುವ ಕೆಲಸ.
ಮೂವತ್ತೇಳು ಡಿಗ್ರಿ, ದಿನ ಬಿಟ್ಟು ದಿನ ಕೆಂಪು ದ್ರವ.
ದಸರಾ ರಜೆಯಲ್ಲೂ ಒಬ್ಬರು ಬರಲೇಬೇಕು; ನಾನೇ ಬಂದೆ,
ದೀಪ ನೋಡಲು ಹೊರಟ ಜನಕ್ಕೆ ಎದುರಾಗಿ ಸೈಕಲ್ ತುಳಿದು.
ಮೊದಲ ಸಲ ಬೂಷ್ಟು ಬಂತು.
ಎಲ್ಲ ಬ್ಲೀಚಿಗೆ ಸುರಿದೆವು.

ಎರಡನೆಯ ಸಲ, ಪದರ ಕೂಡಿದ ದಿನ,
ಮೇಲಿನ ನೀರನ್ನಷ್ಟೇ ಹೀರಿ ತೆಗೆದೆ.
ಕೆಳಗೆ ತೇವ, ಮೇಲೆ ಬರೀ ಗಾಳಿ.
ಅದುವರೆಗೆ ಮುಳುಗಿಯೇ ಬಾಳಿದ್ದಕ್ಕೆ
ಗಾಳಿಯೆಂದರೆ ಏನೆಂದು ಯಾರು ಹೇಳಿದರೋ,
ಒಣಗಲಿಲ್ಲ. ಲೋಳೆ ಬಿಟ್ಟಿತು,
ನೇಯ್ದು ತಾನೇ ಹೊದ್ದುಕೊಂಡಿತು.

ಇಪ್ಪತ್ತಾರನೆಯ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ
ಲಕ್ಷಗಟ್ಟಲೆ ಸಣ್ಣ ರೋಮ
ಒಂದೇ ಕಡೆಗೆ ಬೀಸುತ್ತಿದ್ದವು.
ಗುಡಿಸುತ್ತಿದ್ದವು,
ಧೂಳೇ ಇಲ್ಲದ ತಟ್ಟೆಯನ್ನು.

ಆಕೆಯನ್ನು ಕರೆಸಿದೆ.
ನಖಾಬು ಎತ್ತಿ, ಬಗ್ಗಿ, ಬಹಳ ಹೊತ್ತು ನೋಡಿದಳು.
ಬೆರಳು ಮಾತ್ರ ಮೇಜಿನ ಮೇಲೆ
ಇಲ್ಲದ ಕಡ್ಡಿಯನ್ನು ಹೊಸೆಯುತ್ತಲೇ ಇತ್ತು.
'ನಂದೇನಾ?'
ನಿಮ್ಮದೇ.
'ಕೆಮ್ಮಲ್ವಾ?'
ಇಲ್ಲ ಅಂದೆ.
'ಇದನ್ನ ನನ್ನೊಳಗೆ ಇಡ್ತೀರಾ?'
ಅದಿನ್ನೂ ಆಗಲ್ಲಮ್ಮ. ಔಷಧಿ ಹಾಕಿ ನೋಡಕ್ಕೆ ಅಷ್ಟೆ.
ಇದ್ದಿಲು ಪುಡೀನೂ ಹಾಕ್ತೀವಿ, ಏನಾಗತ್ತೆ ಅಂತ.

ತಲೆಯೆತ್ತಿದಳು.
'ಇದಕ್ಕೂ ಹಾಕ್ತೀರಾ' ಅಂದಳು.
ನಖಾಬು ಇಳಿಸಿಕೊಳ್ಳುತ್ತ,
'ಸ್ವಲ್ಪ ದಿನ ಬಿಟ್ಟು ಹಾಕಿ.'